ಹತ್ತು ಟೈಲ್ಸ್ ಕಿತ್ತುಕೊಟ್ಟರೆ ಸಾಕು

ಮಾನ್ಯ ಸಂಪಾದಕರೇ,

ನಾನು ಹಿರಿಯೂರು ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. 2004ರಿಂದ ಇದೇ ಒಲೆ ಮುಂದೆ ಇದ್ದೇನೆ. ಮೊದಲು ಮಕ್ಕಳು ಅಕ್ಕ ಅನ್ನುತ್ತಿದ್ದರು, ಈಗ ಅಜ್ಜಿ ಅನ್ನುತ್ತಾರೆ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ಮೊನ್ನೆ ನಮ್ಮ ಮೇಡಂ ತರಬೇತಿಗೆ ಹೋಗಿ ಬಂದರು. ಅಲ್ಲಿ ಕೊಟ್ಟ ಹಾಳೆಯನ್ನು ಅಡುಗೆಮನೆ ಕಟ್ಟೆ ಮೇಲೆ ಬಿಟ್ಟಿದ್ದರು. ಬೇಳೆ ಬೇಯುವಷ್ಟರಲ್ಲಿ ಓದಿದೆ. 'ಭಾವನಾತ್ಮಕ ಬುದ್ಧಿವಂತಿಕೆ' ಅಂತ ಇತ್ತು. ತನಗೆ ಬಂದದ್ದು ಸಿಟ್ಟೋ ಸಂಕಟವೋ ಅಂತ ಗುರುತಿಸುವುದು, ಎದುರಿಗಿರುವವರ ಮನಸ್ಸು ಅರಿಯುವುದು. 1990ರಲ್ಲಿ ಪೀಟರ್ ಸಾಲೊವೇ, ಜಾನ್ ಮೇಯರ್ ಎಂಬ ಅಮೆರಿಕದ ಇಬ್ಬರು ಇದರ ಬಗ್ಗೆ ಬರೆದರಂತೆ. ಕೆಳಗೆ 'ಸುಸ್ಥಿರ ಶಿಕ್ಷಣ' ಅಂತ ಇನ್ನೊಂದು ಮಾತು. ಮೇಡಂ ಅವರನ್ನು ಕೇಳಿದೆ. "ನೀರು, ಮಣ್ಣು ಹಾಳು ಮಾಡದೆ ಬದುಕೋದನ್ನ ಕಲಿಸೋದು ಕಣಮ್ಮ" ಅಂದರು. ಅಯ್ಯೋ, ಅದು ನಮ್ಮ ಕೈ ತೊಳೆಯುವ ನಲ್ಲಿ ಪಕ್ಕದಲ್ಲೇ ಇತ್ತಲ್ಲ ಅನ್ನಿಸಿತು. ಹೆಸರು ಗೊತ್ತಿರಲಿಲ್ಲ ಅಷ್ಟೇ.

62 ಮಕ್ಕಳು ತಟ್ಟೆ ತೊಳೆದ ನೀರು ಸಣ್ಣ ಕಾಲುವೆ ಹಿಡಿದು ನುಗ್ಗೆಮರಕ್ಕೆ ಹೋಗುತ್ತಿತ್ತು. ಅಕ್ಕಿ ತೊಳೆದ ನೀರು ಕರಿಬೇವಿಗೆ. ನಮ್ಮ ಕಡೆಯವರಿಗೆ ನೀರು ಚೆಲ್ಲಿದರೆ ಹೊಟ್ಟೆ ಉರಿಯುತ್ತದೆ. 1933ರಲ್ಲಿ ಕೋಡಿ ಬಿದ್ದ ನಮ್ಮ ಮಾರಿಕಣಿವೆ ಡ್ಯಾಮ್ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದನ್ನು ನೋಡಿ ಅತ್ತವರನ್ನು ನಾನೇ ಕಂಡಿದ್ದೇನೆ.

ಹೋದ ವರ್ಷ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ಅಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ, ಇವನು ಅಜ್ಜಿ ಮನೆಯಲ್ಲಿ. ತಟ್ಟೆ ಹಿಡಿದು ಸಾಲಲ್ಲಿ ನಿಂತರೆ ಮುಂದಿನವನಿಗೆ ಗುದ್ದುತ್ತಿದ್ದ. ಒಂದು ದಿನ ಸಾರಿನ ತಟ್ಟೆಯನ್ನೇ ಎಸೆದ. ಬೈದದ್ದಾಯಿತು, ಹೊರಗೆ ನಿಲ್ಲಿಸಿದ್ದಾಯಿತು. ಸೋಮವಾರ ಮಾತ್ರ ಜಾಸ್ತಿ ಹಾರಾಡುತ್ತಾನೆ ಅಂತ ಆಮೇಲೆ ನನಗೆ ಹೊಳೆಯಿತು. ಅಮ್ಮ ಭಾನುವಾರ ಬಂದು ಹೋಗುತ್ತಿದ್ದಳು, ಅಲ್ವಾ.

2024ರಲ್ಲಿ ವಾರಕ್ಕೆ 6 ದಿನವೂ ಮೊಟ್ಟೆ ಕೊಡುವುದು ಶುರುವಾಯಿತು. ಸಿಪ್ಪೆ ಬಕೆಟ್ ತುಂಬಾ. "ಒಣಗಿಸಿ ಕುಟ್ಟಿ ಕರಿಬೇವಿನ ಬುಡಕ್ಕೆ ಹಾಕಪ್ಪ" ಅಂತ ಅವನ ಕೈಗೆ ಕೊಟ್ಟೆ. ಸುಮ್ನೆ ಕೊಟ್ಟದ್ದು, ಸಾಲಿನಿಂದ ಆಚೆ ಇರಲಿ ಅಂತ. ಅವನು ದಿನಾ ಮಾಡಿದ. ಹೊಸ ಚಿಗುರು ಬಂದರೆ ಎಣಿಸುತ್ತಿದ್ದ. ಒಂದು ಸೋಮವಾರ ಒಂದನೇ ತರಗತಿ ಮಗು ಕೊಂಬೆ ಮುರಿದುಬಿಟ್ಟಿತು. ಇವನು ಓಡಿಹೋಗಿ ಕೈ ಎತ್ತಿದ. ನಾನು ಸೌಟು ಹಿಡಿದು ನೋಡುತ್ತಲೇ ಇದ್ದೆ. ಕೈ ಇಳಿಸಿ ನನ್ನ ಹತ್ತಿರ ಬಂದ. "ಅಜ್ಜಿ, ಹೊಡೆಯೋಕೆ ಹೋದೆ, ಹೊಡೀಲಿಲ್ಲ. ಅದು ಚಿಕ್ಕದು" ಅಂದು ಅತ್ತ. ಆ ಹಾಳೆಯಲ್ಲಿದ್ದದ್ದು ಇದೇ ತಾನೇ?

ಈ ಬೇಸಿಗೆ ರಜೆಯಲ್ಲಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದರು. ಬೇರು ಟೈಲ್ಸ್ ಎಬ್ಬಿಸುತ್ತದೆ ಅಂತ ನುಗ್ಗೆ ಕಡಿದರು. ಕರಿಬೇವಿಗೆ ಯಾಕೆ ಕೈ ಹಾಕಿದರೋ. ಕೆಸರಿಲ್ಲ, ನೋಡೋಕೆ ಚೆಂದ ನಿಜ. ಮಧ್ಯಾಹ್ನ ಮಕ್ಕಳ ಬರಿಗಾಲು ಸುಡುತ್ತದೆ. ತಟ್ಟೆ ತೊಳೆದ ನೀರು ಈಗ ಗೇಟಿನಾಚೆ ರಸ್ತೆಗೆ ಹೋಗಿ ನಿಲ್ಲುತ್ತದೆ. ಹಣ ತಂದವರ ಮೇಲೆ ನನಗೆ ಕೋಪವಿಲ್ಲ. ಅಂಗಳದಲ್ಲಿ ಏನೇನಿದೆ ಅಂತ ಯಾರೂ ಕೇಳಲಿಲ್ಲ, ಅದೇ ಬೇಜಾರು.

ಶಾಲೆ ಶುರುವಾದ ಮೇಲೆ ಮೊದಲ ಸಲ ಮೊಟ್ಟೆ ಕೊಟ್ಟ ದಿನ ಆ ಹುಡುಗ ಏನೂ ಕೇಳಲಿಲ್ಲ. ಸಿಪ್ಪೆ ಬಕೆಟ್ ಎತ್ತಿಕೊಂಡು ಕರಿಬೇವು ಇದ್ದ ಜಾಗಕ್ಕೆ ಹೋಗಿ ನಿಂತ. ಬೆಲ್ ಹೊಡೆಯುವವರೆಗೂ ಅಲ್ಲೇ ಇದ್ದ.

ನಲ್ಲಿ ಪಕ್ಕ ಹತ್ತು ಟೈಲ್ಸ್ ಕೀಳಿಸಿ ಅಂತ ಹೆಡ್ ಮೇಷ್ಟ್ರನ್ನು ಕೇಳಿದೆ. ಒಳ್ಳೆಯವರು. "ಬಿಲ್ ಆಗಿದೆಯಮ್ಮ, ಈಗ ಕೀಳೋಕೆ ಮೇಲಿನವರ ಒಪ್ಪಿಗೆ ಬೇಕು" ಅಂದರು. ಆ ಮೇಲಿನವರು ಯಾರೋ ನನಗೆ ಗೊತ್ತಿಲ್ಲ, ಅದಕ್ಕೇ ನಿಮ್ಮ ಪತ್ರಿಕೆಗೆ ಬರೆಯುತ್ತಿದ್ದೇನೆ. ಬೇರೆ ಶಾಲೆಗಳಲ್ಲಿ ಟೈಲ್ಸ್ ಹಾಕಿಸುವವರು ನಲ್ಲಿ ಪಕ್ಕ ನಾಲ್ಕು ಅಡಿ ಮಣ್ಣು ಬಿಡಲಿ. ಇಲ್ಲಿ ಗುಂಡಿ ತೋಡುವ ಕೆಲಸ ನನ್ನದು, ಸಸಿ ನಮ್ಮ ಮನೆಯಲ್ಲೇ ಇದೆ. ಹುಡುಗ ಈಗ ಐದನೇ ತರಗತಿ, ಬರುವ ವರ್ಷ ಬೇರೆ ಶಾಲೆಗೆ ಹೋಗುತ್ತಾನೆ. ಈ ಮಳೆ ನಿಲ್ಲುವುದರೊಳಗೆ ಒಪ್ಪಿಗೆ ಸಿಗಲಿ.

— ಒಬ್ಬ ಬಿಸಿಯೂಟ ಕಾರ್ಯಕರ್ತೆ, ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ