ಸಿಲೋವಾಮಿನ ಗೋಪುರ, ಶಿರೂರಿನ ಗುಡ್ಡ

ಪ್ರೀತಿಯ ಗೆಳೆಯಾ,

ಶಿರಸಿಯಿಂದ ಘಟ್ಟ ಇಳಿದು, ಸದಾಶಿವಗಡದಲ್ಲಿ ಮಗನನ್ನು ಕಳೆದುಕೊಂಡ ಆ ಕ್ರೈಸ್ತ ಮನೆಯ ಏಳನೇ ದಿನದ ಪೂಜೆಗೆ (ಸತ್ತವರಿಗಾಗಿ ಇಗರ್ಜಿಯಲ್ಲಿ ಮಾಡುವ ಪೂಜೆ) ಹೋಗುತ್ತೇನೆ ಅಂದಿದ್ದೀಯ. ಅಲ್ಲಿ ಏನು ಮಾತಾಡಲಿ, ಕಷ್ಟಕ್ಕೆ ಕ್ರೈಸ್ತರು ಏನು ಕಾರಣ ಹೇಳುತ್ತಾರೆ ಅಂತ ಎರಡು ಪ್ರಶ್ನೆ ಕೇಳಿದ್ದೀಯ. ಎರಡನೆಯದನ್ನು ಮೊದಲು ನೋಡೋಣ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿದು ಗಂಗಾವಳಿಗೆ ನುಗ್ಗಿತಲ್ಲ, ಆಗ ‘ಯಾರ ಪಾಪವೋ ಏನೋ’ ಅಂತ ಒಬ್ಬರಾದರೂ ಅಂದಿರುತ್ತಾರೆ. ಯೇಸುವಿನ ಕಾಲದಲ್ಲೂ ಇದೇ ಮಾತು. ಜೆರುಸಲೇಮಿನ ಸಿಲೋವಾಮಿನಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ತಾನಾಗಿ ಆ ಸುದ್ದಿ ಎತ್ತುತ್ತಾನೆ. ಸತ್ತವರು ಊರಿನ ಉಳಿದವರಿಗಿಂತ ಹೆಚ್ಚಿನ ಪಾಪಿಗಳೇ ಎಂದು ಕೇಳಿ, ತಾನೇ ಅಲ್ಲ ಅನ್ನುತ್ತಾನೆ. ನೀವು ತಿದ್ದಿಕೊಳ್ಳಿ ಎಂದು ಬದುಕಿರುವವರ ಕಡೆ ತಿರುಗುತ್ತಾನೆ. ಗೋಪುರ ಯಾಕೆ ಬಿತ್ತು ಎಂಬುದನ್ನು ಹೇಳುವುದೇ ಇಲ್ಲ. ಯೊವಾನ್ನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಕೇಳುತ್ತಾರೆ: ಪಾಪ ಇವನದೋ, ಹೆತ್ತವರದೋ? ಇಬ್ಬರದೂ ಅಲ್ಲ ಎಂದು ಉತ್ತರ. ಆಮೇಲೆ ಉಗುಳಿನಲ್ಲಿ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ, ತೊಳೆದುಕೊಳ್ಳಲು ಕಳಿಸುತ್ತಾನೆ. ಎಲ್ಲಿಗೆ ಅಂದುಕೊಂಡೆ? ಅದೇ ಸಿಲೋವಾಮಿನ ಕೊಳಕ್ಕೆ.

ಹಾಗಂತ ತಪ್ಪಿಗೂ ನೋವಿಗೂ ಸಂಬಂಧವೇ ಇಲ್ಲ ಎಂದಲ್ಲ. ಬೈಬಲಿನ ಜ್ಞಾನೋಕ್ತಿಗಳ ತುಂಬ ಆ ಮಾತೇ ಇದೆ. ಎಡವಟ್ಟಾಗುವುದು ಅದನ್ನು ಹಿಂದುಮುಂದಾಗಿ ಓದಿದಾಗ. ಕುಡಿದು ಬೈಕ್ ಓಡಿಸಿದವ ಬೀಳುತ್ತಾನೆ, ಸರಿ. ಬಿದ್ದವರೆಲ್ಲ ಕುಡಿದಿದ್ದರು ಅನ್ನಲಾದೀತೇ ಮಾರಾಯ? ಬೈಬಲಿನ ಯೋಬ ಎಂಬ ನೀತಿವಂತ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡಾಗ ಅವನ ಗೆಳೆಯರು ಮಾಡಿದ್ದು ಇದನ್ನೇ: ಕಷ್ಟ ಬಂದಿದೆ, ಅಂದರೆ ಪಾಪ ಮಾಡಿರಬೇಕು ಎಂದರು.

ಯೋಬನ ಗ್ರಂಥ 42 ಅಧ್ಯಾಯ. ಹೆಚ್ಚಿನವರು ಮೊದಲ ಎರಡು ಮತ್ತು ಕಡೆಯದನ್ನು ಓದಿ, ತಾಳ್ಮೆಯ ಯೋಬ, ಕಳೆದದ್ದು ಎರಡು ಪಟ್ಟಾಗಿ ಬಂತು ಎಂದು ಮುಗಿಸುತ್ತಾರೆ. ನಡುವಿನ ಯೋಬ ತಾಳ್ಮೆಯವನೇ ಅಲ್ಲ; ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರನ್ನು ವ್ಯಾಜ್ಯಕ್ಕೆ ಕರೆಯುತ್ತಾನೆ. ಗೆಳೆಯರು ಮೊದಲ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಕಡೆಗೆ ದೇವರು ಸಿಟ್ಟಾಗುವುದು ದೇವರ ಪರ ವಾದಿಸಿದ ಆ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವ ಯೋಬ ಅನ್ನುತ್ತಾನೆ. ಆದರೆ ಯೋಬನಿಗೂ ಕಾರಣ ಹೇಳುವುದಿಲ್ಲ. ಸಮುದ್ರಕ್ಕೆ ಬಾಗಿಲು ಹಾಕಿದವರಾರು, ಕಾಡುಮೇಕೆ ಈಯುವ ಹೊತ್ತು ಬಲ್ಲೆಯಾ ಎಂದು ತಿರುಗಿ ಕೇಳುತ್ತಾನೆ. ಕಡೆಯ ಲೆಕ್ಕವನ್ನು ನಿಧಾನಕ್ಕೆ ನೋಡು: ಕುರಿ 7,000 ಇದ್ದದ್ದು 14,000 ಆಯಿತು. ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು ಮೂರು ಹೆಣ್ಣು. ಸತ್ತವರು ಮರಳಿ ಬರಲಿಲ್ಲ.

ತತ್ವಜ್ಞಾನಿಗಳ ಉತ್ತರವೂ ಇದೆ. ಸಂತ ಅಗಸ್ಟೀನ್ (354-430) ಕೆಡುಕು ಒಂದು ವಸ್ತುವಲ್ಲ, ಒಳಿತಿನ ಕೊರತೆ ಎಂದ. ಬಲೆಯ ತೂತಿನ ಹಾಗೆ ಅಂದುಕೊ. ತೂತಿಗೆ ಸ್ವಂತ ದಾರ ಇಲ್ಲ, ಬಲೆ ಇಲ್ಲದೆ ತೂತೂ ಇಲ್ಲ. ಇದನ್ನು ‘ಎಲ್ಲ ಮಾಯೆ’ ಎಂದು ತಿಳಿಯಬೇಡ. ತೂತಿನಲ್ಲಿ ಮೀನು ಹೋಗುವುದಂತೂ ನಿಜವೇ. ಮನುಷ್ಯ ಮಾಡುವ ಕೆಡುಕಿಗೆ ಅವನ ಸ್ವತಂತ್ರ ಇಚ್ಛೆ ಕಾರಣ ಎಂಬ ವಾದ ಅಷ್ಟರ ಮಟ್ಟಿಗೆ ಗಟ್ಟಿ, ಆದರೆ ಭೂಕಂಪದ ಮುಂದೆ ಕುಂಟುತ್ತದೆ. 2ನೇ ಶತಮಾನದ ಕ್ರೈಸ್ತ ಗುರು ಇರೆನೇಯಸ್ ಮನುಷ್ಯ ಇನ್ನೂ ಬಲಿಯಬೇಕಾದವನು ಎಂದ. ಅದನ್ನು ಹಿಡಿದು ನೋವು ನಮ್ಮನ್ನು ಪಕ್ವ ಮಾಡುತ್ತದೆ ಎನ್ನುವವರಿದ್ದಾರೆ. ತನ್ನ ನೋವಿನ ಬಗ್ಗೆ ಯಾರಾದರೂ ಹಾಗೆ ಹೇಳಿಕೊಂಡರೆ ಸೈ. ಮಗನನ್ನು ಕಳೆದುಕೊಂಡ ತಾಯಿಗೆ ಇನ್ನೊಬ್ಬರು ಹೇಳಿದರೆ ಕ್ರೌರ್ಯ.

ಬದುಕು ಯಾತಕ್ಕೆ ಎಂದರೆ ಧರ್ಮೋಪದೇಶದಲ್ಲಿ ಮಕ್ಕಳಿಗೆ ಕಲಿಸುವ ಉತ್ತರ ಚಿಕ್ಕದು: ದೇವರನ್ನು ಅರಿಯಲು, ಪ್ರೀತಿಸಲು, ಸೇವಿಸಲು, ಕೊನೆಗೆ ಅವನೊಡನೆ ಇರಲು. ಸುಖವಾಗಿರಲು ಎಂದಿಲ್ಲ, ನೋಯಲು ಎಂದೂ ಇಲ್ಲ. ಸತ್ತ ಗೆಳೆಯ ಲಾಜರನ ಸಮಾಧಿಯ ಹತ್ತಿರ, ಅವನನ್ನು ಸಾವಿನಿಂದ ಎಬ್ಬಿಸುವ ಮೊದಲು, ಯೇಸು ಅತ್ತ.

ಈಗ ನಿನ್ನ ಮೊದಲ ಪ್ರಶ್ನೆ. ‘ದೇವರಿಗೆ ಬೇಕಾಗಿದ್ದ, ಕರೆದುಕೊಂಡ’ ಅನ್ನಬೇಡ. ‘ಎಲ್ಲ ಒಳ್ಳೇದಕ್ಕೇ’ ಅಂತೂ ಬೇಡವೇ ಬೇಡ. ಹುಡುಗನ ಹೆಸರು ಹಿಡಿದು ಮಾತಾಡು, ಅವನ ಬಗ್ಗೆ ನಿನಗೆ ನೆನಪಿದ್ದದ್ದು ಹೇಳು. ತಾಯಿ ದೇವರಿಗೇ ಬೈದರೆ ತಡೆಯಬೇಡ. ಬೈಬಲಿನ 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ.

ಇಗರ್ಜಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರು. ಎಲ್ಲರೂ ಮೊಣಕಾಲೂರಿದಾಗ ನೀನು ಕೂತೇ ಇದ್ದರೆ ಯಾರೂ ಏನೂ ಅನ್ನುವುದಿಲ್ಲ. ಕೊನೆಯ ಹೊತ್ತಿಗೆ ಸಾಲು ನಿಂತು ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುತ್ತಾರೆ. ನಮ್ಮ ದೇವಸ್ಥಾನದ ಪ್ರಸಾದದಂತೆ ಎಂದುಕೊಂಡು ನೀನು ಸಾಲಿಗೆ ಹೋಗಬೇಡ, ಅದು ದೀಕ್ಷಾಸ್ನಾನ ಪಡೆದ ಕ್ರೈಸ್ತರಿಗೆ ಮಾತ್ರ. ಸಂಜೆ ಮನೆಯಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಇದ್ದರೆ ಹತ್ತು ಹತ್ತರ ಐದು ಸುತ್ತು ಜಪ, ಕೊಂಕಣಿಯಲ್ಲಿ. ಸುಮಾರು ಅರ್ಧ ತಾಸು.

ಆ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದಾರೆ ಅಂದಿಯಲ್ಲ, ಫಾದರ್ ಬಂದು ಅವರ ಹಣೆಗೂ ಅಂಗೈಗೂ ಎಣ್ಣೆ ಹಚ್ಚಿದರೆ ಗಾಬರಿಯಾಗಬೇಡ. ಅದನ್ನು ಹಿಂದೆ ‘ಕಡೆಯ ಅಭ್ಯಂಗ’ ಅನ್ನುತ್ತಿದ್ದರು, ಅದಕ್ಕೇ ಎಷ್ಟೋ ಮನೆಯವರು ಉಸಿರು ನಿಲ್ಲುವವರೆಗೂ ಪಾದ್ರಿಯನ್ನು ಕರೆಯಲು ಹೆದರುತ್ತಿದ್ದರು. 1972ರ ಹೊಸ ಕ್ರಮದಲ್ಲಿ ಅದು ರೋಗಿಗಳ ಅಭ್ಯಂಗ. ಕಾಯಿಲೆ ಜೋರಾದಾಗಲೆಲ್ಲ ಮತ್ತೆ ಪಡೆಯಬಹುದು.

ಏಳನೇ ದಿನಕ್ಕೆ ರಜೆ ಸಿಗದಿದ್ದರೆ ತಿಂಗಳ ಪೂಜೆಗೆ ಹೋಗು. ಅಷ್ಟು ಹೊತ್ತಿಗೆ ಬರುವವರು ಕಡಿಮೆಯಾಗಿರುತ್ತಾರೆ.

ನಿನ್ನವ