ಭಾನುವಾರದ ಮಾತು: ಕಷ್ಟಕಾಲದಲ್ಲಿ ಯಾವ ಕಾರು ಕಂಪನಿ ಗೆದ್ದಿತು?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ 2008-09ರ ಅಮೆರಿಕದ ಕಾರು ಮಾರುಕಟ್ಟೆ ಬಗ್ಗೆ ಮಾತಾಡೋಣ. ಸುಮ್ನೆ "ನಮ್ಮ ಕಾರೇ ಚೆಂದ" ಅನ್ನೋ ಜಗಳ ಬೇಡ. ಜನರ ಕೈಯಲ್ಲಿ ಕಾಸಿಲ್ಲದಾಗ ಯಾರು ಏನು ಮಾಡಿದರು ಅನ್ನೋದೇ ವಿಷಯ.

ಫೋರ್ಡ್ 2006ರಲ್ಲೇ ಕಾರ್ಖಾನೆಗಳ ಜೊತೆ ತನ್ನ ನೀಲಿ ಲೋಗೋವನ್ನೂ ಅಡವಿಟ್ಟು ಸುಮಾರು 2,360 ಕೋಟಿ ಡಾಲರ್ ಸಾಲ ಹೊಂದಿಸಿಕೊಂಡಿತ್ತು. ಮನೆ ಒಡವೆ ಅಡವಿಟ್ಟ ಹಾಗೇ, ಅಲ್ವಾ? ಆ ದುಡ್ಡೇ ಕಾಪಾಡಿತು. 2009ರ ಏಪ್ರಿಲ್ 30ಕ್ಕೆ ಕ್ರೈಸ್ಲರ್, ಜೂನ್ 1ಕ್ಕೆ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿದವು. ಹ್ಯುಂಡೈ ದಾರಿಯೇ ಬೇರೆ: ಕೊಂಡ ಒಂದು ವರ್ಷದೊಳಗೆ ಕೆಲಸ ಹೋದರೆ ಕಾರು ವಾಪಸ್ ಕೊಡಿ ಎಂದಿತು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಣತನ ಅದೇ.

ಆ ವರ್ಷದ ಗುಜರಿ ಯೋಜನೆಯನ್ನೂ ನೋಡಿಕೊಂಡು ಬನ್ನಿ. ಜಾಸ್ತಿ ಪೆಟ್ರೋಲ್ ಕುಡಿಯುವ ಹಳೇ ಗಾಡಿ ಕೊಟ್ಟು ಹೊಸದು ಕೊಂಡರೆ ಸರ್ಕಾರದಿಂದ 3,500 ಇಲ್ಲವೇ 4,500 ಡಾಲರ್. ಹಳೇ ಗಾಡಿ ಮತ್ತೆ ರಸ್ತೆಗೆ ಬರಬಾರದಲ್ಲ, ಅದಕ್ಕೆ ಡೀಲರ್‌ಗಳು ಆಯಿಲ್ ಇಳಿಸಿ, ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು, ಎಂಜಿನ್ ಸೀಜ್ ಆಗುವವರೆಗೂ ಓಡಿಸುತ್ತಿದ್ದರು. ಪಾಪ, ಚೆನ್ನಾಗಿ ಓಡುವ ಎಂಜಿನ್‌ಗಳು! ಹಾಗೆ ಒಳಗೆ ಬಂದದ್ದರಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಮುಂದೆ, ಹೊರಗೆ ಹೋದದ್ದರಲ್ಲಿ ಟೊಯೋಟಾ ಕೊರೊಲಾ ಮುಂದೆ.

ಒಬ್ಬೊಬ್ಬರು ಒಂದೊಂದು ಕಂಪನಿ ಆರಿಸಿಕೊಂಡು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಹ್ಯುಂಡೈ ನನ್ನದು, ಯಾರೂ ಕೇಳಬೇಡಿ. ಶೋರೂಮ್ ಆಫರ್‌ಗಳ ಫಾರ್ವರ್ಡ್ ಹಾಕಿದರೆ ಅಳಿಸುತ್ತೇನೆ.