ಹೂಸಾವೀಕ್ ಅಂತ ಹೇಳಿ ಆಕುರೇರಿಯಲ್ಲಿ ಇಳಿಸಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಐಸ್‌ಲ್ಯಾಂಡ್ ಪ್ಯಾಕೇಜಿನಲ್ಲಿ ಹೇಳಿದ ಊರಿನಲ್ಲಿ ರೂಮ್ ಕೊಡದಿರುವುದು ಮತ್ತು ರದ್ದಾದ ದೋಣಿ ಟಿಕೆಟಿನ ಹಣ ವಾಪಸ್ ಮಾಡದಿರುವುದು

ಮಾನ್ಯರೇ,

ಕಳೆದ ಜೂನ್‌ನಲ್ಲಿ ನಾನು, ಹೆಂಡತಿ, ಮಗಳು ಮತ್ತು ಅಮ್ಮ ನಿಮ್ಮ ಕಂಪನಿಯ ಮೂಲಕ ಐಸ್‌ಲ್ಯಾಂಡಿಗೆ ಹೋಗಿ ಬಂದೆವು. ನಿಮ್ಮ ಬ್ರೋಷರಿನಲ್ಲಿ "ಹೂಸಾವೀಕ್‌ನಲ್ಲಿ 2 ರಾತ್ರಿ" ಎಂದು ದಪ್ಪ ಅಕ್ಷರದಲ್ಲಿತ್ತು. ಬೇರೆ ಕಡೆ ಇದಕ್ಕಿಂತ ಕಡಿಮೆಗೆ ಪ್ಯಾಕೇಜ್ ಸಿಗುತ್ತಿತ್ತು. ನಿಮಗೆ ದುಡ್ಡು ಕಟ್ಟಿದ್ದು ಆ ಒಂದು ಸಾಲು ನೋಡಿ. ಹೋಟೆಲ್ ವೋಚರ್ ಕೈಗೆ ಬಂದದ್ದು ಹೊರಡುವ ಹಿಂದಿನ ಸಂಜೆ. ತೆರೆದರೆ ಹೋಟೆಲ್ ಇರುವುದು ಆಕುರೇರಿಯಲ್ಲಿ! ಫೋನ್ ಮಾಡಿದಾಗ ನಿಮ್ಮವರು "ಪಕ್ಕದಲ್ಲೇ ಸಾರ್, ಏನೂ ತೊಂದರೆ ಆಗಲ್ಲ" ಅಂದರು.

ಪಕ್ಕ ಅಂದರೆ ಸುಮಾರು 75 ಕಿಲೋಮೀಟರ್. ಬೆಂಗಳೂರಿನಲ್ಲಿ ರೂಮ್ ಅಂತ ಹೇಳಿ ತುಮಕೂರಿನಲ್ಲಿ ಇಳಿಸಿದ ಹಾಗಾಯಿತು.

ಆಕುರೇರಿ ಕೆಟ್ಟ ಊರೇನಲ್ಲ. ಆದರೆ ನಮಗೆ ಬೇಕಿದ್ದದ್ದು ಹೂಸಾವೀಕ್ ಎಂಬ ಆ ಚಿಕ್ಕ ಬಂದರು. ಎರಡು ಸಾವಿರ ಚಿಲ್ಲರೆ ಜನ ಇರುವ ಊರು. ಬಂದರಿನ ಎದುರಿಗೇ 1907ರ ಮರದ ಚರ್ಚು. ಹಿಂದಿನ ಗುಡ್ಡದ ತುಂಬ ನೇರಳೆ ಬಣ್ಣದ ಲೂಪಿನ್ ಹೂ. ಕೊಲ್ಲಿಯ ಆಚೆ ದಡದಲ್ಲಿ ಜೂನ್‌ನಲ್ಲೂ ಹಿಮ ಕರಗದ ಬೆಟ್ಟಗಳು. ಆರ್ಕ್ಟಿಕ್ ವೃತ್ತ ಹತ್ತಿರವೇ ಇರುವುದರಿಂದ ಆ ತಿಂಗಳು ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ. ಬಸ್ಸುಗಳಲ್ಲಿ ಬಂದವರೆಲ್ಲ ಹೋದ ಮೇಲೆ, ರಾತ್ರಿ ಹನ್ನೊಂದರ ಬಿಸಿಲಲ್ಲಿ ದಡದಲ್ಲಿ ಸುಮ್ನೆ ಕೂರಬೇಕು ಅಂತ ಆಸೆ ಇತ್ತು. ಆ ಹೊತ್ತಿಗೆ ನಾವು ಆಕುರೇರಿಯ ಹೋಟೆಲಿನಲ್ಲಿ ಕಿಟಕಿ ಪರದೆ ಎಳೆಯುತ್ತಿದ್ದೆವು.

ಆಕುರೇರಿಯಿಂದ ಹೂಸಾವೀಕ್‌ಗೆ ಹೋಗುವ ದಾರಿಯಲ್ಲಿ ಏಳು ಕಿಲೋಮೀಟರಿಗೂ ಉದ್ದದ ಸುರಂಗವಿದೆ. ಅಲ್ಲಿ ಟೋಲ್ ಗೇಟ್ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ನಾವು ಆನ್‌ಲೈನ್‌ನಲ್ಲಿ ಹಣ ಕಟ್ಟಬೇಕು. ಇಲ್ಲದಿದ್ದರೆ ಬಿಲ್ ಬಾಡಿಗೆ ಕಾರಿನ ಕಂಪನಿಗೆ ಹೋಗಿ, ಮೇಲೊಂದಿಷ್ಟು ಸೇರಿಸಿ ನಮ್ಮ ಕಾರ್ಡಿನಿಂದ ಕಡಿತವಾಗುತ್ತದೆ. ನಿಮ್ಮ ಪ್ರವಾಸ ಕೈಪಿಡಿಯಲ್ಲಿ ಇದರ ಸುಳಿವೂ ಇಲ್ಲ. ಹೂಸಾವೀಕ್‌ನಲ್ಲೇ ಉಳಿಸಿದ್ದರೆ ಈ ಸುರಂಗಕ್ಕೆ ದಿನಾ ಹೋಗಿಬರುವ ಕೆಲಸವೂ ಇರುತ್ತಿರಲಿಲ್ಲ.

ಇನ್ನು ಪ್ಯಾಕೇಜಿನಲ್ಲಿದ್ದ, ತಿಮಿಂಗಿಲ ನೋಡಲು ಕರೆದೊಯ್ಯುವ ದೋಣಿ. ಹೂಸಾವೀಕ್ ಇರುವ ಸ್ಕ್ಯಾಲ್‌ಫಂಡಿ ಕೊಲ್ಲಿಯ ಬಾಯಿ ಉತ್ತರಕ್ಕೆ ತೆರೆದಿದೆ. ಉತ್ತರದ ಗಾಳಿ ಜೋರಾದರೆ ಅಲೆ ನೇರವಾಗಿ ಒಳಗೆ ನುಗ್ಗುತ್ತದೆ. ನಾವು ಹೋದ ದಿನ ಹಾಗೇ ಆಯಿತು, ದೋಣಿ ಬಿಡಲಿಲ್ಲ. ಗಾಳಿಗೆ ನಿಮ್ಮನ್ನು ದೂರುವಷ್ಟು ದಡ್ಡ ನಾನಲ್ಲ. ಟಿಕೆಟ್ ಕೌಂಟರಿನ ಹುಡುಗಿ ಕಂಪ್ಯೂಟರ್ ಪರದೆಯನ್ನೇ ನಮ್ಮ ಕಡೆ ತಿರುಗಿಸಿ ತೋರಿಸಿದಳು. ಮರುದಿನದ ದೋಣಿಯಲ್ಲಿ ಸೀಟು ಖಾಲಿ ಇತ್ತು, ಜಾಸ್ತಿ ಹಣವನ್ನೂ ಕೇಳಲಿಲ್ಲ. ಆದರೆ ಮರುದಿನ ಬೆಳಿಗ್ಗೆಯೇ ರೇಕ್ಯಾವಿಕ್‌ಗೆ ಹೊರಡುವಂತೆ ನೀವು ಕಾರ್ಯಕ್ರಮ ಹಾಕಿದ್ದಿರಿ. ಹೂಸಾವೀಕ್‌ನಿಂದ ಅದು ಇಡೀ ದಿನದ ದಾರಿ. ಅಮ್ಮ ಹೂಸಾವೀಕ್‌ನ ಮ್ಯೂಸಿಯಂನಲ್ಲಿ ನೀಲಿ ತಿಮಿಂಗಿಲದ ಅಸ್ಥಿಪಂಜರ ನೋಡಿ "ಒಳಗಿನದ್ದೇ ನೋಡಿದ್ದಾಯ್ತಲ್ಲ, ಹೊರಗಿನದ್ದು ಯಾಕೆ ಬಿಡು" ಅಂತ ಸಮಾಧಾನ ಹೇಳಿದರು. ಮಗಳಿಗೆ ಆ ಸಮಾಧಾನ ಸಾಲಲಿಲ್ಲ.

ಟಿಕೆಟ್ ಹಣ ಪೂರ್ತಿ ವಾಪಸ್, ಆದರೆ ಬುಕ್ ಮಾಡಿದವರ ಖಾತೆಗೇ ಹೋಗುತ್ತದೆ ಎಂದು ದೋಣಿಯವರು ಆಗಲೇ ಹೇಳಿದ್ದರು, ಈಮೇಲ್ ಕೂಡ ಕಳಿಸಿದರು. ಬುಕ್ ಮಾಡಿದವರು ನೀವು. ಈಗ ಕೇಳಿದರೆ "ಪ್ಯಾಕೇಜಿನಲ್ಲಿ ಸೇರಿದ್ದಕ್ಕೆ ರಿಫಂಡ್ ಇಲ್ಲ" ಅನ್ನುತ್ತೀರಿ. ಯಾರೋ ವಾಪಸ್ ಕೊಟ್ಟ ನಮ್ಮ ದುಡ್ಡು ನಿಮ್ಮಲ್ಲಿ ಉಳಿಯುವುದು ಯಾವ ಲೆಕ್ಕ?

ನಿಮ್ಮ 24 ಗಂಟೆಯ ಸಹಾಯವಾಣಿಗೆ ದೋಣಿ ರದ್ದಾದ ದಿನ ಬೆಳಿಗ್ಗೆ ಒಂಬತ್ತಕ್ಕೆ ಕರೆ ಮಾಡಿದೆ. ಬೆಂಗಳೂರಿನಲ್ಲಿ ಆಗ ಮಧ್ಯಾಹ್ನ ಎರಡೂವರೆ. ನಡುರಾತ್ರಿಯೇನಲ್ಲ, ಅಲ್ವಾ? ಯಾರೂ ಎತ್ತಲಿಲ್ಲ.

ನನಗೆ ಬೇಕಾದದ್ದು ಇಷ್ಟು. ನಾಲ್ವರ ದೋಣಿ ಟಿಕೆಟಿನ ಪೂರ್ತಿ ಹಣ. ನೀವು ಹೇಳಿದ ಊರಿನ ಹೋಟೆಲಿಗೂ ಕೊಟ್ಟ ಹೋಟೆಲಿಗೂ ಇರುವ ದರದ ವ್ಯತ್ಯಾಸ, ಬಿಲ್ ಸಮೇತ. ಸುರಂಗದ ಟೋಲು ಮತ್ತು ಅದರ ಮೇಲೆ ಬಿದ್ದ ಶುಲ್ಕ. ಮುಂದಿನ ಟ್ರಿಪ್‌ಗೆ ಕೂಪನ್ ಬೇಡ.

ಬ್ರೋಷರ್, ವೋಚರ್, ದೋಣಿಯವರ ಈಮೇಲ್, ಕಾರ್ಡ್ ಸ್ಟೇಟ್‌ಮೆಂಟ್ ಜೊತೆಗಿಟ್ಟಿದ್ದೇನೆ. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಇವೇ ದಾಖಲೆಗಳೊಂದಿಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕ